1985ರ ಅಚ್ಚು

ಹಳೆಯ ಟೊಯೋಟಾ ಫೋರ್ ವೀಲ್ ಡ್ರೈವ್ ಪಿಕಪ್ ಒಂದು ಮಾರಾಟಕ್ಕಿದೆ ಎಂದರೆ, ಅಮೆರಿಕದ ಕಲ್ಲುದಾರಿಗಳಲ್ಲಿ ಗಾಡಿ ಓಡಿಸುವ ಮಂದಿ ಮೊದಲು ಕೇಳುವುದು ಅದು ಯಾವ ವರ್ಷದ್ದು ಎಂದು. ಎಂಜಿನ್ ಎಷ್ಟು ಓಡಿದೆ, ಬಣ್ಣ ಹೇಗಿದೆ ಎಂಬುದೆಲ್ಲ ಆಮೇಲೆ. 1979ರಿಂದ 1985ರವರೆಗಿನ ಮಾದರಿಯಾದರೆ ಮುಂದಿನ ಎರಡು ಚಕ್ರಗಳನ್ನು ಒಂದೇ ಅಚ್ಚು ಹಿಡಿದುಕೊಂಡಿರುತ್ತದೆ, ಅದರ ಮೇಲೆ ಕಮಾನು ಪಟ್ಟಿಗಳಿರುತ್ತವೆ. 1986ರ ಮಾದರಿಯಾದರೆ ಆ ಅಚ್ಚು ಮಾಯವಾಗಿ, ಪ್ರತಿ ಚಕ್ರಕ್ಕೂ ಬೇರೆ ಬೇರೆ ತೋಳು, ಬೇರೆ ಬೇರೆ ಟಾರ್ಷನ್ ಬಾರ್ ಬಂದಿರುತ್ತವೆ. ಈ ಒಂದು ವರ್ಷದ ಗೆರೆಯ ಮೇಲೆ ನಾಲ್ಕು ದಶಕಗಳಿಂದ ಒಂದು ವ್ಯಾಪಾರವೇ ನಡೆದಿದೆ: ಸ್ಪ್ರಿಂಗು, ಷ್ಯಾಕಲ್ಲು, ಬಾಲ್ ಜಾಯಿಂಟ್ ಸ್ಪೇಸರು, ಬ್ರಾಕೆಟ್ಟು, ಕೊನೆಗೆ ಇಡೀ ಹೊಸ ಅಚ್ಚು. ಈ ಚರಿತ್ರೆಯನ್ನು ಸಾಮಾನ್ಯವಾಗಿ ಹೇಳುವ ರೀತಿ ಒಂದಿದೆ. ಕಂಪನಿಯು ಗಟ್ಟಿಮುಟ್ಟಾದ ಗಾಡಿಯನ್ನು ಪೇಟೆಯವರಿಗಾಗಿ ಮೆದು ಮಾಡಿತು, ಗ್ಯಾರೇಜಿನವರು ಅದನ್ನು ಮತ್ತೆ ಗಟ್ಟಿ ಮಾಡಿದರು ಎಂಬ ಕಥೆ ಅದು. ಬಿಡಿಭಾಗಗಳನ್ನೇ ಮುಂದಿಟ್ಟುಕೊಂಡು ನೋಡಿದರೆ ಈ ಕಥೆ ನಿಲ್ಲುವುದಿಲ್ಲ ಎಂಬುದು ನನ್ನ ವಾದ. ಜಗಳ ಗಟ್ಟಿ-ಮೆದುವಿನದಾಗಿ ಕಂಡರೂ ಅದರ ಬುಡದಲ್ಲಿದ್ದದ್ದು ಅಳತೆಯ ತಪ್ಪು. ಗಾಡಿ ಎಷ್ಟು ಇಂಚು ಎತ್ತರ ನಿಂತಿದೆ ಎಂದು ಅಳೆಯುತ್ತಿದ್ದವರು, ಚಕ್ರ ಎಷ್ಟು ಇಂಚು ಮೇಲೆ ಕೆಳಗೆ ಆಡುತ್ತದೆ ಎಂದು ಅಳೆಯಲು ಕಲಿತದ್ದೇ ಈ ಕಸುಬಿನ ನಿಜವಾದ ಬೆಳವಣಿಗೆ.

ಅಚ್ಚಿನ ವಿದ್ಯೆ ಬಂಡಿಯಷ್ಟೇ ಹಳೆಯದು. ಬಂಡಿಯಲ್ಲಿ ಅಚ್ಚು ನೇರವಾಗಿ ಮೂಕಿಯ ಚೌಕಟ್ಟಿಗೆ ಕೂರುತ್ತದೆ. ಕಲ್ಲಿನ ಏಟೆಲ್ಲ ಕೂತವರ ಬೆನ್ನಿಗೆ. 1804ರಲ್ಲಿ ಲಂಡನ್ನಿನ ಒಬಾದಯಾ ಎಲಿಯಟ್ ಎಂಬ ಸಾರೋಟು ತಯಾರಕ, ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಕಮಾನಾಗಿಸಿದ ಸ್ಪ್ರಿಂಗಿಗೆ ಪೇಟೆಂಟ್ ಪಡೆದ. ಅಲ್ಲಿಂದ ಮೋಟಾರು ಲಾರಿಗೆ, 1941ರ ವಿಲ್ಲೀಸ್ ಜೀಪಿಗೆ ಬಂದ ಕಮಾನು ಪಟ್ಟಿಯ ಹೆಚ್ಚುಗಾರಿಕೆ ಅದರ ಜಿಪುಣತನದಲ್ಲಿದೆ. ಅದೊಂದೇ ವಸ್ತು ಮೂರು ಕೆಲಸ ಮಾಡುತ್ತದೆ: ಭಾರ ಹೊರುತ್ತದೆ, ಅಚ್ಚನ್ನು ಹಿಂದೆ ಮುಂದೆ ಸರಿಯದಂತೆ ಹಿಡಿಯುತ್ತದೆ, ಪಟ್ಟಿಗೆ ಪಟ್ಟಿ ಉಜ್ಜಿ ಕುಲುಕನ್ನೂ ಒಂದಿಷ್ಟು ತಗ್ಗಿಸುತ್ತದೆ. ಮುರಿದರೆ ಯಾವ ಕುಲುಮೆಯಲ್ಲಾದರೂ ಒಂದು ಪಟ್ಟಿ ಬದಲಿಸಬಹುದು. ಟೊಯೋಟಾ 1968ರಲ್ಲಿ ಹೈಲಕ್ಸ್ ಪಿಕಪ್ಪನ್ನು ಹೊರತಂದಾಗ ಅದು ಹಿಂಚಕ್ರದಿಂದ ಮಾತ್ರ ಓಡುವ ಗಾಡಿ. ಮುಂದೆ ಆಗಲೇ ಕಾಯಿಲ್ ಸ್ಪ್ರಿಂಗಿನ ಸ್ವತಂತ್ರ ಸಸ್ಪೆನ್ಶನ್ ಇತ್ತು. ಅಂದರೆ ಸ್ವತಂತ್ರ ಸಸ್ಪೆನ್ಶನ್ ಎಂಬುದು ಈ ಕಂಪನಿ 1986ರಲ್ಲಿ ಹೊಸದಾಗಿ ಕಂಡುಕೊಂಡದ್ದಲ್ಲ. 1979ರ ಮಾದರಿಯಲ್ಲಿ ಮುಂಚಕ್ರಕ್ಕೂ ಶಕ್ತಿ ಕೊಡಬೇಕಾಗಿ ಬಂದಾಗ, ತಮ್ಮದೇ ಲ್ಯಾಂಡ್ ಕ್ರೂಸರ್ ಜಾಡಿನಲ್ಲೇ ಒಂದು ಅಖಂಡ ಅಚ್ಚನ್ನೂ ಕಮಾನು ಪಟ್ಟಿಯನ್ನೂ ಅದರಡಿ ಕೂರಿಸಿದರು. ಗೊತ್ತಿದ್ದ ದಾರಿ, ಗಟ್ಟಿ ದಾರಿ. ಕಾರಿನ ಸುಖ ಕೊಡುತ್ತೇನೆಂದು ಆ ಗಾಡಿ ಯಾರಿಗೂ ಮಾತು ಕೊಟ್ಟಿರಲಿಲ್ಲ.

ಹಾಗಾದರೆ ಏಳೇ ವರ್ಷಕ್ಕೆ ಅದನ್ನು ತೆಗೆದದ್ದೇಕೆ? ಉತ್ತರ ಕಾರುಗಳ ಚರಿತ್ರೆಯಲ್ಲಿದೆ. 1930ರ ದಶಕದ ಆರಂಭದಲ್ಲಿ ಅಮೆರಿಕದ ಜನರಲ್ ಮೋಟರ್ಸ್‌ನಲ್ಲಿ ಮಾರಿಸ್ ಆಲಿ ಎಂಬ ಎಂಜಿನಿಯರ್ ಕಾರಿನ ಕುಲುಕಾಟವನ್ನು ಶಾಸ್ತ್ರೀಯವಾಗಿ ಅಳೆಯತೊಡಗಿದ. ಅದಕ್ಕೂ ಮುಂಚೆ ಆತ ರೋಲ್ಸ್ ರಾಯ್ಸ್‌ನಲ್ಲಿದ್ದವನು. ಕಾರು ಹಿತವಾಗಿ ಓಡಬೇಕಾದರೆ ಮುಂದಿನ ಸ್ಪ್ರಿಂಗು ಹಿಂದಿನದಕ್ಕಿಂತ ಮೆದುವಾಗಿರಬೇಕು ಎಂದು ಅವನಿಗೆ ಹೊಳೆಯಿತು. ಆದರೆ ಅಖಂಡ ಅಚ್ಚಿಗೆ ಮೆದು ಸ್ಪ್ರಿಂಗು ಹಾಕಿದ ಕೂಡಲೇ ಸ್ಟಿಯರಿಂಗು ಗಡಗಡ ನಡುಗತೊಡಗುತ್ತಿತ್ತು. ಒಂದು ಚಕ್ರ ದಿಣ್ಣೆ ಹತ್ತಿದರೆ ಅಚ್ಚು ಓರೆಯಾಗುತ್ತದೆ, ಓರೆಯಾದ ಅಚ್ಚಿನ ಮೇಲೆ ಬುಗುರಿಯಂತೆ ಸುತ್ತುತ್ತಿರುವ ಎರಡೂ ಚಕ್ರಗಳು ಪಕ್ಕಕ್ಕೆ ತಿರುಗಲು ಹೊರಡುತ್ತವೆ, ಆ ತಿರುಗು ಮತ್ತೆ ಅಚ್ಚನ್ನು ಅಲುಗಿಸುತ್ತದೆ. ಈ ಸುಳಿಯಿಂದ ಹೊರಬರಲು ಒಂದೇ ದಾರಿಯಿತ್ತು, ಎರಡು ಚಕ್ರಗಳ ನಂಟನ್ನೇ ಕಡಿಯುವುದು. 1934ರ ಕಾರುಗಳಲ್ಲಿ ಜನರಲ್ ಮೋಟರ್ಸ್ ಅದನ್ನೇ ಮಾಡಿತು. ಫೋರ್ ವೀಲ್ ಡ್ರೈವ್ ಪಿಕಪ್ಪು ಈ ದಾರಿಗೆ ಬರಲು ಅರ್ಧ ಶತಮಾನ ಹಿಡಿಯಿತು. 1980ರಲ್ಲಿ ಡಾಟ್ಸನ್ 720 ಟಾರ್ಷನ್ ಬಾರಿನೊಂದಿಗೆ ಬಂತು; 1983ರಲ್ಲಿ ಷೆವ್ರೊಲೆ ಎಸ್-10 ಕೂಡ ಹಾಗೆಯೇ; ಅದೇ ವರ್ಷ ಫೋರ್ಡ್ ರೇಂಜರ್ ಅಚ್ಚನ್ನು ನಡುವೆ ಸೀಳಿದಂತೆ ಎರಡು ತೊಲೆಗಳ ಮೇಲೆ ಬಂತು. ಪಿಕಪ್ಪನ್ನು ಕೆಲಸಕ್ಕಿಂತ ಹೆಚ್ಚಾಗಿ ದಿನದ ಓಡಾಟಕ್ಕೆ ಕೊಳ್ಳುವವರು ಹೆಚ್ಚುತ್ತಿದ್ದ ಆ ಹೊತ್ತಿನಲ್ಲಿ, ಸಣ್ಣ ಪಿಕಪ್ಪುಗಳ ಸಾಲಿನಲ್ಲಿ ಟೊಯೋಟಾ ಹಿಂದೆ ಉಳಿದಿತ್ತು.

ಇಲ್ಲೊಂದು ಸಂಗತಿಯನ್ನು ಬಹಳ ಮಂದಿ ಗಮನಿಸುವುದಿಲ್ಲ, ನನಗಂತೂ ಇದೇ ಇಡೀ ಚರಿತ್ರೆಯ ಕೀಲು. ಅಮೆರಿಕದಲ್ಲಿ ಅಚ್ಚನ್ನು ತೆಗೆದ ಅದೇ ಕಂಪನಿ, ಆಸ್ಟ್ರೇಲಿಯಾದಂಥ ಮಾರುಕಟ್ಟೆಗಳಲ್ಲಿ ಕಮಾನು ಪಟ್ಟಿಯ ಅಖಂಡ ಅಚ್ಚಿನ ಹೈಲಕ್ಸನ್ನು 1997ರವರೆಗೂ ಮಾರಿತು. ಒಂದೇ ವಂಶದ ಗಾಡಿಗೆ ಹತ್ತು ವರ್ಷಕ್ಕೂ ಮಿಕ್ಕಿ ಎರಡು ಬಗೆಯ ಮುಂಗಾಲು. ಒಂದು ವಿನ್ಯಾಸ ಎಲ್ಲ ರೀತಿಯಲ್ಲೂ ಮೇಲು ಎಂದು ಎಂಜಿನಿಯರುಗಳು ತೀರ್ಮಾನಿಸಿದ್ದರೆ ಹೀಗಾಗುತ್ತಿರಲಿಲ್ಲ. ಅವರು ತೀರ್ಮಾನಿಸಿದ್ದು ಕೊಳ್ಳುವವನು ಯಾರು, ಅವನ ದಾರಿ ಎಂಥದು ಎಂಬುದನ್ನು. ಕ್ಯಾಲಿಫೋರ್ನಿಯಾದ ಹೆದ್ದಾರಿಗೆ ಒಂದು, ಹುಲ್ಲುಗಾವಲು ಗಣಿಗಳ ದಾರಿಗೆ ಇನ್ನೊಂದು. ದ್ರೋಹವಾಯಿತು ಎಂದು ಮಾತಾಡುವವರು ಈ ಎರಡನೆಯ ಗಾಡಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಬಿಡಿಭಾಗದ ವ್ಯಾಪಾರ ಅಷ್ಟು ಹೊತ್ತಿಗೆ ಬಲವಾಗಿ ಬೇರೂರಿತ್ತು. ರೇಸಿಂಗ್ ಸಾಮಾನು ಮಾಡುವವರು 1963ರಲ್ಲೇ ಸೆಮಾ ಎಂಬ ಸಂಘ ಕಟ್ಟಿಕೊಂಡಿದ್ದರು. 1975ರ ಮ್ಯಾಗ್ನುಸನ್-ಮಾಸ್ ವಾರಂಟಿ ಕಾಯ್ದೆಯಿಂದಾಗಿ, ಹೊರಗಿನ ಭಾಗ ಹಾಕಿದ್ದಾರೆ ಎಂಬ ಒಂದೇ ನೆಪಕ್ಕೆ ವಾಹನದ ವಾರಂಟಿಯನ್ನು ಕಂಪನಿಗಳು ರದ್ದು ಮಾಡುವಂತಿರಲಿಲ್ಲ. ಮಾರುವವರಿಗೆ ಮಾರಲು ಅತಿ ಸುಲಭವಾದದ್ದು ಎತ್ತರ. ಎರಡು ಇಂಚು, ನಾಲ್ಕು ಇಂಚು, ಆರು ಇಂಚು ಎಂದು ಡಬ್ಬದ ಮೇಲೆ ಬರೆಯಬಹುದು, ರಸ್ತೆಯಲ್ಲಿ ನಿಂತವರಿಗೂ ಕಾಣುತ್ತದೆ. ಹೆಚ್ಚು ಬಾಗಿಸಿದ ದಪ್ಪ ಪಟ್ಟಿಗಳು ಬಂದವು, ಇದ್ದ ಕಟ್ಟಿಗೆ ಸೇರಿಸುವ ಒಂಟಿ ಪಟ್ಟಿಗಳು ಬಂದವು, ಉದ್ದದ ಷ್ಯಾಕಲ್ಲುಗಳು ಬಂದವು. ಷ್ಯಾಕಲ್ ಪಟ್ಟಿಯ ಒಂದೇ ತುದಿಯನ್ನು ಹಿಡಿದಿರುವುದರಿಂದ, ಅದನ್ನು ಎರಡು ಇಂಚು ಉದ್ದ ಮಾಡಿದರೆ ಗಾಡಿ ಏಳುವುದು ಸುಮಾರು ಒಂದೇ ಇಂಚು. ಜೊತೆಗೆ ಅಚ್ಚು ತುಸು ಹೊರಳಿ, ಚಕ್ರ ತಿರುಗುವ ಕೀಲಿನ ಓರೆ ಕೋನ, ಅಂದರೆ ಕ್ಯಾಸ್ಟರ್, ಬದಲಾಗುತ್ತದೆ. ತಿರುವಿನ ನಂತರ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಬರುವುದು ಆ ಕೋನದ ದೆಸೆಯಿಂದ. ಅದು ಕೆಟ್ಟ ಗಾಡಿ ಹೆದ್ದಾರಿಯಲ್ಲಿ ಅಲೆಯುತ್ತದೆ. ದಪ್ಪ ಪಟ್ಟಿಯ ಲೆಕ್ಕವೂ ಕಠೋರ. ಪಟ್ಟಿಯ ಬಿಗಿ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ, ಉದ್ದದ ಘನಕ್ಕೆ ತಕ್ಕಂತೆ ಇಳಿಯುತ್ತದೆ. ಅದೇ ದಪ್ಪದ ಪಟ್ಟಿಯನ್ನು ನೂರಕ್ಕೆ ಹತ್ತರಷ್ಟು ಉದ್ದ ಮಾಡಿದರೆ ಬಿಗಿ ಸುಮಾರು ಕಾಲು ಭಾಗ ಇಳಿಯುತ್ತದೆ; ಉದ್ದ ಹಾಗೇ ಇಟ್ಟು ದಪ್ಪ ಹತ್ತರಷ್ಟು ಹೆಚ್ಚಿಸಿದರೆ ಮೂರನೇ ಒಂದು ಭಾಗ ಏರುತ್ತದೆ. ಎತ್ತರ ಕೊಂಡವರು ಗೊತ್ತಿಲ್ಲದೆ ಬಿಗಿಯನ್ನೂ ಕೊಂಡು ತಂದರು. ಗಾಡಿ ಎತ್ತರ ನಿಂತಿತು, ಚಕ್ರ ಮಾತ್ರ ಮೊದಲಿನಷ್ಟೂ ಆಡಲಿಲ್ಲ.

ಎತ್ತರ ಬೇಡವೆ, ಕಲ್ಲಿಗೆ ತಳ ತಾಗದಿರಲು ಎತ್ತರವೇ ತಾನೆ ಬೇಕು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಅಖಂಡ ಅಚ್ಚಿನ ಗಾಡಿಯಲ್ಲಿ ಅತಿ ತಗ್ಗಿನಲ್ಲಿರುವುದು ಅಚ್ಚಿನ ಮೇಲೆ ಕುಂಬಳಕಾಯಿಯಂತೆ ಉಬ್ಬಿಕೊಂಡ ಡಿಫರೆನ್ಷಿಯಲ್ಲು. ಸ್ಪ್ರಿಂಗು ಎಷ್ಟೇ ಎತ್ತರದ್ದು ಹಾಕಿ, ಅದು ಏಳುವುದಿಲ್ಲ. ಏಳುವುದು ಅದರ ಮೇಲಿನ ಚಾಸಿ ಮಾತ್ರ. ಆ ಉಬ್ಬನ್ನು ನೆಲದಿಂದ ಎತ್ತುವುದು ಟೈರು. ಸುಮಾರು 28 ಇಂಚಿನ ಟೈರಿನ ಬದಲು 33 ಇಂಚಿನದು ಹಾಕಿದರೆ ಅಚ್ಚು ಎರಡೂವರೆ ಇಂಚು ಮೇಲೇರುತ್ತದೆ. ಸ್ಪ್ರಿಂಗಿನಿಂದ ಬಂದ ಎತ್ತರ ಆ ದೊಡ್ಡ ಟೈರಿಗೆ ಬಾನೆಟ್ಟಿನ ಪಕ್ಕದಲ್ಲಿ ಜಾಗ ಮಾಡಿಕೊಡಲು ಇರುವುದು. ಆ ಜಾಗಕ್ಕೆ ಬೇಕಾದಷ್ಟು ಎತ್ತರ ಅಗತ್ಯ, ಅದರಾಚೆಗಿನದು ಗಾಡಿಯ ಭಾರವನ್ನು ಮೇಲೆತ್ತಿ ಇಳಿಜಾರಿನಲ್ಲಿ ಮಗುಚುವ ಹಾದಿ ಮಾಡಿಕೊಡುತ್ತದೆ.

1986ರ ಗಾಡಿಗೆ ಕೆಟ್ಟ ಹೆಸರು ಬಂದದ್ದೂ ಇದೇ ಎತ್ತರದ ಹುಚ್ಚಿನಿಂದ. ಟಾರ್ಷನ್ ಬಾರ್ ಎಂದರೆ ಚಾಸಿಯ ಉದ್ದಕ್ಕೆ ಮಲಗಿದ ಒಂದು ಉಕ್ಕಿನ ಸರಳು. ಅದರ ಒಂದು ತುದಿ ಚಕ್ರದ ತೋಳಿಗೆ, ಇನ್ನೊಂದು ತುದಿ ಚಾಸಿಗೆ ಬಿಗಿದ ಸನ್ನೆಗೆ. ಚಕ್ರ ಏರಿದಾಗ ಸರಳು ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಳ್ಳುತ್ತದೆ, ಬಿಟ್ಟಾಗ ಬಿಚ್ಚಿಕೊಳ್ಳುತ್ತದೆ. ಸನ್ನೆಯ ತುದಿಯಲ್ಲೊಂದು ಉದ್ದ ಬೋಲ್ಟ್ ಇದೆ. ವರ್ಷಗಳ ಭಾರಕ್ಕೆ ಮುಂಭಾಗ ಕುಗ್ಗಿದರೆ ಸರಿಪಡಿಸಲೆಂದು ಕಂಪನಿ ಇಟ್ಟದ್ದು. ಸ್ಪ್ಯಾನರ್ ಹಿಡಿದು ಆ ಬೋಲ್ಟನ್ನು ಸುತ್ತುತ್ತ ಹೋದರೆ ಗಾಡಿಯ ಮೂತಿ ಕಣ್ಣೆದುರೇ ಏಳುತ್ತದೆ, ಕಾಸು ಖರ್ಚಿಲ್ಲ. ಈಗ ಚಕ್ರದ ಬಾವಿಯೊಳಗೆ ಇಣುಕಿ ನೋಡಬೇಕು. ಮೇಲಿನ ತೋಳು ಕೆಳಮುಖವಾಗಿ ಇಳಿದು, ತನ್ನ ತಡೆಯ ರಬ್ಬರಿನ ಮೇಲೆ ಹೆಚ್ಚುಕಡಿಮೆ ಕೂತೇ ಬಿಟ್ಟಿರುತ್ತದೆ. ಹೊಂಡ ಬಂದಾಗ ಚಕ್ರ ಕೆಳಗಿಳಿಯಲು ಇನ್ನು ಎಡೆಯೇ ಇಲ್ಲ. ಡಿಫರೆನ್ಷಿಯಲ್ಲಿನಿಂದ ಚಕ್ರಕ್ಕೆ ಹೋಗುವ ಶಾಫ್ಟುಗಳು ಕಡಿದಾಗಿ ಬಾಗಿ, ಅವುಗಳ ರಬ್ಬರ್ ಬೂಟಿನ ಮಡಿಕೆಗಳು ಒಂದಕ್ಕೊಂದು ಉಜ್ಜಿಕೊಳ್ಳುತ್ತಿರುತ್ತವೆ. ಚಾಲಕನಿಗೆ ಗೊತ್ತಾಗುವುದು ಮಾತ್ರ ಸ್ಪ್ರಿಂಗ್ ಬಿಗಿಯಾಯಿತು ಎಂಬಂತೆ. ನಿಜದಲ್ಲಿ ಸರಳಿನ ಬಿಗಿ ಒಂದಿಷ್ಟೂ ಬದಲಾಗಿಲ್ಲ, ತೋಳು ತಡೆಗೆ ಬಡಿಯುತ್ತಿದೆ ಅಷ್ಟೇ. ಸಾವಿರಾರು ಗಾಡಿಗಳ ಮೂತಿ ಹೀಗೆ ಏರಿತು, ಬೂಟು ಹರಿಯಿತು, ಬಾಲ್ ಜಾಯಿಂಟ್ ಸವೆಯಿತು, ಮತ್ತು ತಪ್ಪು ಹೊತ್ತದ್ದು ವಿನ್ಯಾಸ. ಆಮೇಲೆ ಬಂದ ಭಾಗಗಳು ಈ ತಪ್ಪನ್ನು ಒಂದೊಂದಾಗಿ ತಿದ್ದಿದವು: ತೋಳಿಗೂ ಬಾಲ್ ಜಾಯಿಂಟಿಗೂ ನಡುವೆ ಸುಮಾರು ಒಂದೂವರೆ ಇಂಚಿನ ಸ್ಪೇಸರ್, ದಪ್ಪ ತಡೆಯ ಬದಲು ತೆಳ್ಳನೆಯ ರಬ್ಬರ್, ದೊಡ್ಡ ಟೈರಿನ ಎಳೆತಕ್ಕೆ ಬೇಗ ಸಡಿಲವಾಗುತ್ತಿದ್ದ ಸ್ಟಿಯರಿಂಗಿನ ಐಡ್ಲರ್ ಆರ್ಮಿಗೆ ಊರೆ. ನೋಡಲು ಇವು ಏನೂ ಅಲ್ಲ. ಆದರೆ ಕಳೆದುಹೋದ ಚಲನೆಯನ್ನು ಮರಳಿ ತಂದವು ಇವೇ.

ಅಖಂಡ ಅಚ್ಚಿನ ಪರ ವಾದಿಸುವವರ ಅತಿ ಬಲವಾದ ಮಾತಿಗೆ ಈಗ ಬರಬೇಕು. ಕ್ಯಾಲಿಫೋರ್ನಿಯಾದ ಟಾಹೋ ಸರೋವರದ ಬಳಿಯ ರೂಬಿಕಾನ್ ಹಾದಿಯಲ್ಲಿ 1953ರಿಂದ ಜೀಪರ್ಸ್ ಜಾಂಬೊರಿ ಎಂಬ ಯಾತ್ರೆ ನಡೆದುಬಂದಿದೆ. ಅಲ್ಲಿನ ಬಂಡೆಗಳ ನಡುವೆ ಗಾಡಿ ನಡಿಗೆಯ ವೇಗಕ್ಕಿಂತ ಹೆಚ್ಚು ಹೋಗುವಂತಿಲ್ಲ. ಅಂಥ ಕಡೆ ಒಂದು ಚಕ್ರ ಬಂಡೆ ಹತ್ತಿದರೆ ಅಚ್ಚು ತಕ್ಕಡಿಯ ಕೋಲಿನಂತೆ ಇನ್ನೊಂದು ಚಕ್ರವನ್ನು ನೆಲಕ್ಕೆ ಒತ್ತುತ್ತದೆ, ಎರಡಕ್ಕೂ ಹಿಡಿತ ಸಿಗುತ್ತದೆ. ಸ್ಪ್ರಿಂಗು ಎಷ್ಟೇ ಕುಗ್ಗಲಿ, ಡಿಫರೆನ್ಷಿಯಲ್ಲಿಗೂ ನೆಲಕ್ಕೂ ಇರುವ ಅಂತರ ಬದಲಾಗದು. ಸ್ವತಂತ್ರ ಸಸ್ಪೆನ್ಶನ್ನಿನಲ್ಲಾದರೋ ಡಿಫರೆನ್ಷಿಯಲ್ ಚಾಸಿಗೆ ಅಂಟಿಕೊಂಡಿರುವುದರಿಂದ ಗಾಡಿ ಕುಗ್ಗಿದಾಗ ಅದೂ ಕಲ್ಲಿನತ್ತ ಇಳಿಯುತ್ತದೆ. ಇದು ಪೂರ್ತಿ ಒಪ್ಪತಕ್ಕ ಮಾತು. ಬಂಡೆಯ ಮೇಲೆ ನಿಧಾನವಾಗಿ ತೆವಳುವುದೇ ಕೆಲಸವಾದರೆ 1985ರ ಅಚ್ಚಿಗೆ ಸಾಟಿಯಿಲ್ಲ. ಆದರೆ ಅದೇ ಕ್ಯಾಲಿಫೋರ್ನಿಯಾದ ದಕ್ಷಿಣಕ್ಕೆ, ಮೆಕ್ಸಿಕೋದ ಬಾಹಾ ಮರುಭೂಮಿಯಲ್ಲಿ, 1967ರಿಂದ ಇನ್ನೊಂದು ಪರೀಕ್ಷೆ ನಡೆದಿದೆ. ಸಾವಿರಾರು ಅಲೆಯಲೆ ದಿಣ್ಣೆಗಳ ಮೇಲೆ ಪೂರ್ತಿ ವೇಗದಲ್ಲಿ ಓಡುವ ಆ ರೇಸಿನಲ್ಲಿ ಭಾರದ ಅಚ್ಚು ಪ್ರತಿ ದಿಣ್ಣೆಗೂ ಸುತ್ತಿಗೆಯಂತೆ ಎದ್ದು ಬೀಳುತ್ತದೆ, ಆಲಿ ಕಂಡ ನಡುಕ ಮತ್ತೆ ಬರುತ್ತದೆ. ಅಲ್ಲಿ ಹೆಸರು ಮಾಡಿದ ಐವನ್ ಸ್ಟುವರ್ಟ್‌ನ ಟೊಯೋಟಾ ರೇಸ್ ಟ್ರಕ್ಕುಗಳ ಮುಂಚಕ್ರಗಳು ಸ್ವತಂತ್ರವಾಗಿಯೇ ಆಡುತ್ತಿದ್ದವು. ಅಕ್ಕಪಕ್ಕದ ಎರಡು ನೆಲಗಳು ಎರಡು ತೀರ್ಪು ಕೊಟ್ಟಿವೆ, ಮತ್ತು ಎರಡು ಕಡೆಯಲ್ಲೂ ಗೆದ್ದ ಗುಣ ಒಂದೇ: ಟೈರನ್ನು ಹೆಚ್ಚು ಹೊತ್ತು ನೆಲಕ್ಕೆ ಅಂಟಿಸಿಡುವುದು.

ಎರಡು ಪಂಗಡಗಳ ಜಗಳ ಎಷ್ಟು ಪೊಳ್ಳು ಎಂಬುದಕ್ಕೆ ಗ್ಯಾರೇಜುಗಳೇ ಸಾಕ್ಷಿ. ಹಳೆಯ ಅಚ್ಚಿನ ಗಾಡಿಯಲ್ಲಿ ಸ್ಟಿಯರಿಂಗ್ ಬಾಕ್ಸಿನ ಕೈ ಹಿಂದಕ್ಕೂ ಮುಂದಕ್ಕೂ ಆಡುತ್ತ, ಒಂದು ಕಂಬಿಯಿಂದ ಪಕ್ಕದ ಚಕ್ರವನ್ನು ನೂಕಿ ಎಳೆಯುತ್ತಿತ್ತು. ಅಚ್ಚು ಮೇಲೆ ಕೆಳಗೆ ಹೋದಂತೆ ಈ ಕಂಬಿಯೂ ಎಳೆದುಕೊಂಡು, ಚಾಲಕ ತಿರುಗಿಸದೆಯೇ ಸ್ಟಿಯರಿಂಗ್ ತಿರುಗುತ್ತಿತ್ತು. ಎತ್ತರದ ಸ್ಪ್ರಿಂಗು ಹಾಕಿದ ಮೇಲೆ ಇದು ಇನ್ನೂ ಹದಗೆಟ್ಟಿತು. ಇದಕ್ಕೆ ಸಿಕ್ಕ ಮದ್ದು ಯಾವುದು? 1986ರ ನಂತರದ ಗಾಡಿಯ ಸ್ಟಿಯರಿಂಗ್ ಬಾಕ್ಸು. ಅದರ ಕೈ ಎಡಬಲಕ್ಕೆ ಆಡುತ್ತದೆ. ಅದನ್ನು ಹಳೆಯ ಚಾಸಿಗೆ ಬೆಸೆದು, ಕಂಬಿಯನ್ನು ಅಡ್ಡಲಾಗಿ ಆಚೆ ಬದಿಯ ಚಕ್ರಕ್ಕೆ ಹಾಯಿಸಿದರೆ ಈ ಎಳೆದಾಟ ಬಹುಮಟ್ಟಿಗೆ ನಿಲ್ಲುತ್ತದೆ. ಹೊಸ ಗಾಡಿಯ ಅಗಲದ ಹಬ್ಬುಗಳನ್ನೂ ಹಳೆಯ ಅಚ್ಚಿಗೆ ಹಾಕಿಕೊಂಡವರಿದ್ದಾರೆ. ಇತ್ತ ಹೊಸ ಗಾಡಿಯವರು ಗುಜರಿಯಿಂದ ಹಳೆಯ ಅಚ್ಚನ್ನು ತಂದು ತಮ್ಮ ಚಾಸಿಯಡಿ ಬೆಸೆದರು. ದ್ರೋಹದ ಗಾಡಿ ಎಂದು ಬೈದವರು ಅದರ ಅಂಗದಿಂದಲೇ ತಮ್ಮ ಗಾಡಿಯನ್ನು ಬದುಕಿಸಿಕೊಂಡರು. 1986ರಲ್ಲಿ ಎಂಜಿನಿಯರುಗಳು ಬರೀ ಸುಖಕ್ಕಾಗಿ ಕೆಲಸ ಮಾಡಿರಲಿಲ್ಲ, ಸ್ಟಿಯರಿಂಗಿನ ಒಂದು ನಿಜವಾದ ದೋಷವನ್ನೂ ಬಿಡಿಸಿದ್ದರು ಎಂಬುದನ್ನು ಈ ಕೊಡುಕೊಳ್ಳುವಿಕೆ ಎತ್ತಿ ತೋರಿಸುತ್ತದೆ.

ಎತ್ತರದ ಗುಂಗಿನಿಂದ ಕಸುಬು ಹೊರಬಂದದ್ದರಲ್ಲಿ ಆಸ್ಟ್ರೇಲಿಯಾದ ಪಾಲು ದೊಡ್ಡದು. 1975ರಲ್ಲಿ ಮೆಲ್ಬರ್ನ್‌ನಲ್ಲಿ ಶುರುವಾದ ಎಆರ್‌ಬಿ ಹೆಸರಾದದ್ದು ಬುಲ್ ಬಾರುಗಳಿಂದ. ರಾತ್ರಿ ದಾರಿಗೆ ಹಾರುವ ಕಾಂಗರೂಗಳ ನಾಡಿನಲ್ಲಿ ಅದು ಅಲಂಕಾರವಾಗಿರಲಿಲ್ಲ. ಉಕ್ಕಿನ ಬುಲ್ ಬಾರು, ಅದರ ಹಿಂದೊಂದು ವಿಂಚು, ಬಾನೆಟ್ಟಿನಡಿ ಎರಡನೆಯ ಬ್ಯಾಟರಿ ಎಂದು ಸೇರಿಸುತ್ತ ಹೋದರೆ ಮುಂಚಕ್ರಗಳ ಮೇಲೆ ನೂರು ಕಿಲೋ ಸುಲಭವಾಗಿ ಏರುತ್ತದೆ. ಕಂಪನಿಯ ಸ್ಪ್ರಿಂಗಿಗೆ ಆ ಭಾರದ ಲೆಕ್ಕ ಗೊತ್ತಿಲ್ಲ. ಹಾಗಾಗಿ ಅದೇ ಸಂಸ್ಥೆಯ ಓಲ್ಡ್ ಮ್ಯಾನ್ ಇಮು ಸ್ಪ್ರಿಂಗುಗಳ ಪಟ್ಟಿ ಎತ್ತರದಿಂದ ಶುರುವಾಗುವುದಿಲ್ಲ. ಬಾರ್ ಇದೆಯೋ ಇಲ್ಲವೋ, ವಿಂಚ್ ಇದೆಯೋ, ಹಿಂದೆ ಸದಾ ಸಾಮಾನು ತುಂಬಿರುತ್ತದೋ ಎಂಬುದರಿಂದ ಶುರುವಾಗುತ್ತದೆ, ಮತ್ತು ಸ್ಪ್ರಿಂಗಿಗೆ ಹೊಂದುವ ಶಾಕ್ ಅಬ್ಸಾರ್ಬರನ್ನು ಅದರ ಜೊತೆಗೇ ಹೇಳುತ್ತದೆ. ಟಾರ್ಷನ್ ಬಾರಿಗೂ ಇದೇ ನಿಯಮ. ಭಾರ ಏರಿದ್ದರೆ ಬೋಲ್ಟು ಸುತ್ತುವುದು ಪರಿಹಾರವಲ್ಲ, ದಪ್ಪದ ಸರಳು ಬೇಕು. ಆದರೆ ಸರಳಿನ ಬಿಗಿ ವ್ಯಾಸದ ನಾಲ್ಕನೆಯ ಘಾತಕ್ಕೆ ಏರುತ್ತದೆ. 22 ಮಿಲಿಮೀಟರಿನ ಸರಳು ತೆಗೆದು 26ರದ್ದು ಹಾಕಿದರೆ ಕಣ್ಣಿಗೆ ವ್ಯತ್ಯಾಸವೇ ಕಾಣದು, ಬಿಗಿ ಮಾತ್ರ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಬರೀ ಬಂಪರಿರುವ ಗಾಡಿಗೆ ವಿಂಚಿನ ಗಾಡಿಯ ಸರಳು ಹಾಕಿದವನು ಹೊಂಡ ಹೊಂಡಕ್ಕೂ ಅದನ್ನು ಸೊಂಟದಲ್ಲಿ ಓದುತ್ತಾನೆ.

ಇಷ್ಟೆಲ್ಲ ತಲೆನೋವೇಕೆ, ಕಂಪನಿ ಕೊಟ್ಟದ್ದನ್ನೇ ಹಾಗೇ ಬಿಟ್ಟರಾಯಿತಲ್ಲ ಎಂಬುದು ಕೊನೆಯ ಆಕ್ಷೇಪ. ಹೊಸ ಗಾಡಿಯಾದರೆ ನಾನೂ ಹಾಗೆಯೇ ಹೇಳುತ್ತೇನೆ. ನಲವತ್ತು ವರ್ಷದ ಗಾಡಿಯಲ್ಲಿ ಕಂಪನಿ ಕೊಟ್ಟದ್ದು ಎಂಬುದೇ ಉಳಿದಿರುವುದಿಲ್ಲ. ಪಟ್ಟಿಗಳು ಬಾಗು ಕಳೆದುಕೊಂಡು ಚಪ್ಪಟೆಯಾಗಿರುತ್ತವೆ, ಬುಷ್ಷುಗಳು ಒಣಗಿ ಬಿರುಕು ಬಿಟ್ಟಿರುತ್ತವೆ. ಏನನ್ನಾದರೂ ಹಾಕಲೇಬೇಕು, ಹಾಕುವಾಗ ಆಯ್ಕೆ ಮಾಡಲೇಬೇಕು. ಕಾನೂನಿನ ಮಾತು ಬೇರೆ. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ವಿವರಕ್ಕೆ ಭಿನ್ನವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದೆ. ಅಚ್ಚನ್ನೇ ಬದಲಿಸುವ ಅಮೆರಿಕದ ಧೈರ್ಯವನ್ನು ಇಲ್ಲಿ ಯಾರೂ ಅನುಕರಿಸದಿರುವುದು ಒಳ್ಳೆಯದು. ಆದರೆ ಅಖಂಡ ಅಚ್ಚಿನಿಂದ ಸ್ವತಂತ್ರ ಸಸ್ಪೆನ್ಶನ್ನಿಗೆ ಹೊರಳುವ ತಿರುವು ಮಾತ್ರ ಇಲ್ಲಿಯೂ ಬಂದಿದೆ. ಮಲೆನಾಡಿನ ತೋಟದ ದಾರಿಗಳಲ್ಲಿ, ಕೊಡಗಿನ ಮಾಂದಲಪಟ್ಟಿಯ ಏರಿನಲ್ಲಿ ದಶಕಗಳಿಂದ ದುಡಿದ ಮಹೀಂದ್ರ ಜೀಪುಗಳು ವಿಲ್ಲೀಸ್ ವಂಶದವು, ಮುಂದೆಯೂ ಅಖಂಡ ಅಚ್ಚು, ಕಮಾನು ಪಟ್ಟಿ. 2010ರ ಥಾರ್ ಮುಂದೆ ಟಾರ್ಷನ್ ಬಾರ್ ಹೊತ್ತು ಬಂತು. ಅಮೆರಿಕದಲ್ಲಿ ನಡೆದ ವಾದ ಕಾಲು ಶತಮಾನದ ಮೇಲೆ ಇಲ್ಲಿನ ಗ್ಯಾರೇಜುಗಳಲ್ಲಿ ಕನ್ನಡದಲ್ಲಿ ಮರುಕಳಿಸಿತು, ಮೂತಿ ಎತ್ತುವ ಬೋಲ್ಟೂ ಅದೇ, ಹರಿಯುವ ಬೂಟೂ ಅದೇ.

ಅಮೆರಿಕದ ಗುಜರಿ ಅಂಗಳಗಳಲ್ಲಿ 1985ರ ಅಚ್ಚುಗಳು ಈಗ ವಿರಳ. ಹಾಗಾಗಿ ಬಿಡಿಭಾಗದ ಕಂಪನಿಗಳು ಅವನ್ನು ಹೊಸದಾಗಿಯೇ ತಯಾರಿಸುತ್ತಿವೆ, ಹಳೆಯದಕ್ಕಿಂತ ದಪ್ಪ ಕೊಳವೆಯಿಂದ, ಅಡ್ಡ ಸ್ಟಿಯರಿಂಗಿಗೆ ಹೊಂದುವಂತೆ. ಹೈಲಕ್ಸ್ ಮಾತ್ರ ಆ ಕಡೆ ತಿರುಗಿ ನೋಡಿಲ್ಲ. 2022ರಲ್ಲಿ ಭಾರತಕ್ಕೆ ಬಂದು ನಮ್ಮ ಬಿಡದಿಯ ಕಾರ್ಖಾನೆಯಲ್ಲಿ ಜೋಡಣೆಯಾಗುವ ಹೈಲಕ್ಸಿನ ಮುಂದೆ ಜೋಡಿ ತೋಳು, ಕಾಯಿಲ್ ಸ್ಪ್ರಿಂಗು. ಹಿಂದೆ ಇನ್ನೂ ಅದೇ ಅಚ್ಚು, ಅದೇ ಕಮಾನು ಪಟ್ಟಿ.